ಸ್ಕೈರಿಮ್‌ನಲ್ಲಿ ಪ್ರಾಣಿಗಳಿಂದ ದುಡ್ಡು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಥೆಸ್ಡಾದವರ ಸ್ಕೈರಿಮ್ ಬಂದಿದ್ದು 2011ರ ನವೆಂಬರ್ 11ಕ್ಕೆ. ಸ್ಪೆಷಲ್ ಎಡಿಷನ್ 2016ರಲ್ಲಿ, ಆನಿವರ್ಸರಿ ಎಡಿಷನ್ 2021ರಲ್ಲಿ ಬಂತು. ಇಷ್ಟು ಹಳೆಯ ಗೇಮ್ ಆದರೂ ಹೊಸದಾಗಿ ಆಡುವವರು ಬರುತ್ತಲೇ ಇದ್ದಾರೆ. ಬಂದವರು ಮೊದಲು ಕೇಳುವುದು ದುಡ್ಡಿನ ಬಗ್ಗೆ. ಕಾಡಿನ ತುಂಬ ಜಿಂಕೆ, ತೋಳ, ಕರಡಿ ಓಡಾಡುತ್ತಿರುವಾಗ ಅದರಿಂದಲೇ ನಾಲ್ಕು ಕಾಸು ಮಾಡೋಣ ಅನ್ನಿಸುವುದು ಸಹಜ. ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಮಾಡ್, ಅಂದರೆ ಆಡುವವರು ಮಾಡಿದ ಬದಲಾವಣೆ, ಹಾಕದ ಮೂಲ ಗೇಮಿನವು. ಮಾಡ್ ಹಾಕಿಕೊಂಡಿದ್ದರೆ ಲೆಕ್ಕ ಬೇರೆ ಆಗಬಹುದು.

ಜೀವಂತ ಪ್ರಾಣಿಯನ್ನು ಹಿಡಿದು ಮಾರಬಹುದಾ?

ಆಗಲ್ಲ. ಹಿಡಿಯುವ ಬಲೆ ಇಲ್ಲ, ಕೊಳ್ಳುವ ಸಂತೆಯೂ ಇಲ್ಲ. ಊರೊಳಗೆ ಮೇಕೆ, ಹಸು, ಕೋಳಿ ಇವೆಯಲ್ಲ, ಅವು ಯಾರದ್ದೋ ಸ್ವತ್ತು. ಅವುಗಳ ವಿಷಯ ಮುಂದೆ ಹೇಳುತ್ತೇನೆ.

ಕೊಳ್ಳುವುದಕ್ಕೆ ಮಾತ್ರ ಸಿಗುತ್ತವೆ. ವೈಟ್‌ರನ್ ಊರಬಾಗಿಲ ಹೊರಗಿನ ಲಾಯದಲ್ಲಿ ಸ್ಕುಲ್ವರ್ ಅನ್ನುವವನು 1000 ಗೋಲ್ಡ್‌ಗೆ (ಆಟದೊಳಗಿನ ನಾಣ್ಯ) ಕುದುರೆ ಕೊಡುತ್ತಾನೆ. ಮಾರ್ಕಾರ್ತ್‌ನ ಲಾಯದ ಹತ್ತಿರ 500 ಗೋಲ್ಡ್‌ಗೆ ವಿಜಿಲೆನ್ಸ್ ಅನ್ನುವ ನಾಯಿ ಸಿಗುತ್ತದೆ. ಆದರೆ ಸಾವಿರ ಕೊಟ್ಟು ತಂದ ಕುದುರೆಯನ್ನು ಮರುಕ್ಷಣವೇ ಅದೇ ಸ್ಕುಲ್ವರ್‌ನ ಮುಂದೆ ನಿಲ್ಲಿಸಿದರೂ ಅವನು ಒಂದು ಗೋಲ್ಡ್ ಬಿಚ್ಚುವುದಿಲ್ಲ. ಹಾಗಾಗಿ ಕುದುರೆ ಕೊಳ್ಳುವ ಮುಂಚೆ ಯೋಚಿಸಿ. ಶುರುವಿನಲ್ಲಿ ಆ ಸಾವಿರಕ್ಕೆ ಬೇರೆ ಒಳ್ಳೆಯ ಉಪಯೋಗ ಇದೆ.

ಒಂದು ಕುದುರೆಯನ್ನು ಕೊಟ್ಟು ದುಡ್ಡು ತಗೊಂಡ ನೆನಪು ನನಗಿದೆಯಲ್ಲ?

ನಿಮ್ಮ ನೆನಪು ಸರಿ. ಅದು ರಿಫ್ಟನ್‌ನಲ್ಲಿ ಶುರುವಾಗುವ ಕ್ವೆಸ್ಟ್, ಅಂದರೆ ಆಟದಲ್ಲಿ ಒಪ್ಪಿಸುವ ಒಂದು ಕೆಲಸ. ಲೂಯಿ ಲೆಟ್ರಶ್ ಅನ್ನುವವನು ಫ್ರಾಸ್ಟ್ ಹೆಸರಿನ ಕುದುರೆಯ ವ್ಯವಹಾರ ಮಾಡಿರುತ್ತಾನೆ. ಮುಂಗಡ ಪಡೆದ ಸಿಬ್ಬಿ ಬ್ಲ್ಯಾಕ್-ಬ್ರಯರ್ ಜೈಲಿನಲ್ಲಿ ಕೂತಿರುತ್ತಾನೆ. ಕುದುರೆ ಆ ಮನೆತನದ ಲಾಡ್ಜ್‌ನಲ್ಲಿದೆ. ಅದನ್ನು ಕದ್ದು, ಅದರ ವಂಶದ ಕಾಗದಪತ್ರವನ್ನೂ ಎತ್ತಿಕೊಂಡು ಲೂಯಿಗೆ ತಲುಪಿಸಿದರೆ ಗೋಲ್ಡ್ ಕೊಡುತ್ತಾನೆ. ಮಾತಿನಲ್ಲಿ ಗೆದ್ದರೆ ಕುದುರೆಯನ್ನು ನೀವೇ ಇಟ್ಟುಕೊಳ್ಳಬಹುದು. ನನ್ನ ಮಾತು ಕೇಳುವುದಾದರೆ ಇಟ್ಟುಕೊಳ್ಳಿ. ಸಾವಿರ ಗೋಲ್ಡ್‌ನ ಖರ್ಚು ಉಳಿಯುತ್ತದೆ.

ಹಾಗಾದರೆ ಮಾರುವುದು ಏನನ್ನು?

ಚರ್ಮ, ದಂತ, ಕೋರೆ, ಗರಿ, ಮಾಂಸ. ಮೂಲ ಬೆಲೆ ಹೀಗಿದೆ: ನರಿ ಮತ್ತು ಮೇಕೆ ಚರ್ಮ 5, ತೋಳ ಮತ್ತು ಜಿಂಕೆ ಚರ್ಮ 10, ಸೇಬರ್ ಕ್ಯಾಟ್ (ಉದ್ದ ಕೋರೆಯ ದೊಡ್ಡ ಬೆಕ್ಕು) ಚರ್ಮ 25, ಹಿಮದ ಕಡೆಯ ಬಿಳಿ ಸೇಬರ್ ಕ್ಯಾಟ್‌ನದ್ದು 40. ಕರಡಿಯಲ್ಲಿ ಮೂರು ಬಗೆ ಇವೆ. ಸಾಮಾನ್ಯ ಕರಡಿ 50, ಕೇವ್ ಬೇರ್ 60, ಸ್ನೋ ಬೇರ್ 75. ಉತ್ತರದ ಸಮುದ್ರತೀರದಲ್ಲಿ ಬಿದ್ದುಕೊಂಡಿರುವ ಹಾರ್ಕರ್ ಅನ್ನುವ ವಾಲ್ರಸ್‌ನಂಥ ಪ್ರಾಣಿಯ ಕೋರೆ 15. ಇವೆಲ್ಲಕ್ಕೂ ಮೇಲೆ ಮ್ಯಾಮತ್ ದಂತ, 150.

ತಲೆ ಮೇಲೆ ಸುತ್ತುವ ಗಿಡುಗವನ್ನು ಜನ ಮರೆಯುತ್ತಾರೆ. ಬಾಣ ಹೊಡೆದು ಕೆಳಗೆ ಬೀಳಿಸಿದರೆ ಕೊಕ್ಕು 15, ಗರಿ 15, ಭಾರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಿದ್ದ ಜಾಗ ಹುಡುಕುವುದೇ ಕಷ್ಟ.

ಮ್ಯಾಮತ್ ದಂತಕ್ಕೆ 150 ಅಂತ ತೋರಿಸುತ್ತಿದೆ. ಅಂಗಡಿಯವನು 48 ಕೊಡುತ್ತಾನೆ. ಇದೇನು ಮೋಸ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಮೋಸ ಅಲ್ಲ. ನಿಮ್ಮ ಚೀಲದಲ್ಲಿ ಕಾಣುವುದು ವಸ್ತುವಿನ ಮೂಲ ಬೆಲೆ. ಅಂಗಡಿಯಲ್ಲಿ ಸಿಗುವುದು ನಿಮ್ಮ ಸ್ಪೀಚ್ ಸ್ಕಿಲ್, ಅಂದರೆ ಮಾತಿನ ಚಾತುರ್ಯದ ಅಂಕ, ಎಷ್ಟಿದೆಯೋ ಅದರ ಮೇಲೆ.

ಲೆಕ್ಕ ಸರಳ. ಸ್ಪೀಚ್ ಸೊನ್ನೆ ಇದ್ದರೆ ಮೂಲ ಬೆಲೆಯನ್ನು 3.3ರಿಂದ ಭಾಗಿಸುತ್ತಾರೆ. ಸ್ಪೀಚ್ 100 ಆದಾಗ ಆ ಭಾಜಕ 2ಕ್ಕೆ ಇಳಿಯುತ್ತದೆ. ನೀವು ಆಟ ಶುರು ಮಾಡುವಾಗ ಸ್ಪೀಚ್ 15ರ ಆಸುಪಾಸು ಇರುತ್ತದೆ. ಅಂದರೆ ಭಾಜಕ 3.1. 150ನ್ನು 3.1ರಿಂದ ಭಾಗಿಸಿ, 48 ಬಂತಲ್ವಾ? ಕೊಳ್ಳುವಾಗ ಇದೇ ಸಂಖ್ಯೆಯಿಂದ ಗುಣಿಸುತ್ತಾರೆ. ಅದಕ್ಕೇ ಅಂಗಡಿಯ ಸಾಮಾನು ಅಷ್ಟು ದುಬಾರಿ ಕಾಣುವುದು. ಹೋಗುವಾಗಲೂ ಬರುವಾಗಲೂ ಪೆಟ್ಟು ನಮಗೇ.

ಇದರ ಮೇಲೆ ಹ್ಯಾಗ್ಲಿಂಗ್ ಪರ್ಕ್, ಅಂದರೆ ನಮ್ಮ ಚೌಕಾಸಿ. ಪರ್ಕ್ ಅಂದರೆ ಲೆವೆಲ್ ಏರಿದಾಗ ಸಿಗುವ ಪಾಯಿಂಟ್ ಹಾಕಿ ಪಡೆಯುವ ವಿಶೇಷ ಗುಣ. ಮೊದಲ ಹಂತದಲ್ಲಿ 10%, ಐದೂ ಹಂತ ಮುಗಿಸಿದರೆ 30% ಲಾಭ. ಸ್ಪೀಚ್ 100, ಹ್ಯಾಗ್ಲಿಂಗ್ ಐದು ಹಂತ ಇದ್ದವನಿಗೆ ಅದೇ ದಂತಕ್ಕೆ 97 ಸಿಗುತ್ತದೆ. ಜೆನಿಥಾರ್ ದೇವರ ಗುಡಿಪೀಠವನ್ನು ಮುಟ್ಟಿ ಹೋದರೆ ಕೆಲವು ಗಂಟೆ ಇನ್ನೂ 10% ಅನುಕೂಲ. ಸಾಲಿಟ್ಯೂಡ್‌ನ ದೇವಸ್ಥಾನದಲ್ಲಿ ಆ ಪೀಠ ಇದೆ.

ಹ್ಯಾಗ್ಲಿಂಗ್‌ನ ಮೊದಲ ಹಂತ ಹಾಕಿಕೊಳ್ಳಿ, ಸಾಕು. ಉಳಿದ ನಾಲ್ಕು ಪರ್ಕ್ ಪಾಯಿಂಟನ್ನು ಬಿಲ್ಲಿಗೋ ಕತ್ತಿಗೋ ಹಾಕಿದರೆ ಹೆಚ್ಚು ಪ್ರಾಣಿ ಹೊಡೆಯುತ್ತೀರಿ, ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ಚರ್ಮವನ್ನು ಹಾಗೇ ಮಾರಲಾ, ಹದ ಮಾಡಿ ಮಾರಲಾ?

ಪ್ರಾಣಿ ಯಾವುದು ಅನ್ನುವುದರ ಮೇಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಟ್ಯಾನಿಂಗ್ ರ‍್ಯಾಕ್‌ನಲ್ಲಿ ಹದ ಮಾಡಿದರೆ ಚರ್ಮ ಲೆದರ್ ಆಗುತ್ತದೆ. ಒಂದು ಲೆದರ್ ಬೆಲೆ 10. ಮೇಕೆ ಚರ್ಮದಿಂದ ಒಂದು ಲೆದರ್ ಬರುತ್ತದೆ, ಅಂದರೆ 5 ಇದ್ದದ್ದು 10 ಆಯಿತು. ಜಿಂಕೆ ಚರ್ಮದಿಂದ ಎರಡು, ಅಂದರೆ 10 ಇದ್ದದ್ದು 20 ಆಯಿತು. ತೋಳದಿಂದ ಒಂದೇ, ಅಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ಸೇಬರ್ ಕ್ಯಾಟ್‌ನಿಂದ ಎರಡು, ಅಲ್ಲಿ 25 ಇದ್ದದ್ದು 20ಕ್ಕೆ ಇಳಿಯಿತು. ಕರಡಿಯಿಂದ ನಾಲ್ಕು, 50 ಇದ್ದದ್ದು 40 ಆಯಿತು. ಸ್ನೋ ಬೇರ್ ಚರ್ಮವನ್ನು ಹದ ಮಾಡಿ ಲೆದರ್ ಆಗಿ ಮಾರಿದರೆ 75ರ ಮಾಲನ್ನು 40ಕ್ಕೆ ಕೊಟ್ಟಂತೆ. ಅಂಥ ಕೆಲಸ ಮಾಡಬೇಡಿ.

ಆದರೆ ಲೆದರ್‌ಗೇ ನಿಲ್ಲಿಸಬೇಕು ಅಂತ ಯಾರು ಹೇಳಿದ್ದು? ಮುಂದೆ ಹೋಗಿ. ಒಂದು ಲೆದರ್ ಸೀಳಿದರೆ ನಾಲ್ಕು ಲೆದರ್ ಸ್ಟ್ರಿಪ್ ಆಗುತ್ತವೆ. ಎರಡು ಲೆದರ್, ಒಂದು ಸ್ಟ್ರಿಪ್ ಇಟ್ಟುಕೊಂಡು ಕುಲುಮೆಗೆ ಹೋದರೆ ಲೆದರ್ ಹೆಲ್ಮೆಟ್ ಮಾಡಬಹುದು. ಅದರ ಬೆಲೆ 60. ಯಾವ ಪರ್ಕೂ ಬೇಕಿಲ್ಲ.

ನಾಲ್ಕು ಜಿಂಕೆ ಹೊಡೆದಿರಿ ಅಂತ ಇಟ್ಟುಕೊಳ್ಳಿ. ಚರ್ಮ ಹಾಗೇ ಮಾರಿದರೆ ಮೂಲ ಬೆಲೆ 40, ಶುರುವಿನ ಸ್ಪೀಚ್‌ನಲ್ಲಿ ಕೈಗೆ ಬರುವುದು 13 ಗೋಲ್ಡ್ ಅಷ್ಟೆ. ಅದರ ಬದಲು ಹದ ಮಾಡಿ. ಎಂಟು ಲೆದರ್ ಸಿಕ್ಕಿತು. ಒಂದನ್ನು ಸೀಳಿ ನಾಲ್ಕು ಸ್ಟ್ರಿಪ್ ಮಾಡಿ. ಉಳಿದ ಏಳರಲ್ಲಿ ಆರು ಲೆದರ್, ಮೂರು ಸ್ಟ್ರಿಪ್ ಸೇರಿ ಮೂರು ಹೆಲ್ಮೆಟ್ ಆದವು. ಮೂಲ ಬೆಲೆ 180, ಕೈಗೆ 58 ಗೋಲ್ಡ್. ಜೊತೆಗೆ ಒಂದು ಲೆದರ್, ಒಂದು ಸ್ಟ್ರಿಪ್ ಮಿಕ್ಕಿತು. ಸ್ಮಿತಿಂಗ್ ಸ್ಕಿಲ್ ಏರಿದ್ದು ಪುಕ್ಕಟೆ. ಅದೇ ನಾಲ್ಕು ಜಿಂಕೆ, ದುಡ್ಡು ನಾಲ್ಕು ಪಟ್ಟಿಗೂ ಜಾಸ್ತಿ.

ಈಗ ಕರಡಿಗೆ ವಾಪಸ್ ಬನ್ನಿ. ಒಂದು ಕರಡಿ ಚರ್ಮ, ಒಂದು ತೋಳದ ಚರ್ಮ ಸೇರಿದರೆ ಐದು ಲೆದರ್. ಒಂದನ್ನು ಸ್ಟ್ರಿಪ್ ಮಾಡಿದರೆ ನಾಲ್ಕು ಲೆದರ್, ಮೂರು ಸ್ಟ್ರಿಪ್‌ನ ಲೆದರ್ ಆರ್ಮರ್ ಮಾಡಬಹುದು, ಬೆಲೆ 125. ಹಾಗೇ ಮಾರಿದ್ದರೆ ಎರಡೂ ಸೇರಿ 60. ಹದ ಮಾಡಿ ನಿಲ್ಲಿಸಿದರೆ ನಷ್ಟ ಕೊಡುವ ಕರಡಿಯೂ ಇನ್ನೊಂದು ಹೆಜ್ಜೆ ಮುಂದೆ ಹೋದರೆ ದುಪ್ಪಟ್ಟು ಕೊಡುತ್ತದೆ.

ಇಷ್ಟೆಲ್ಲ ಮಾಡುವುದಕ್ಕೆ ಊರೂರು ಸುತ್ತಬೇಕಿಲ್ಲ. ರಿವರ್‌ವುಡ್‌ನಲ್ಲಿ ಕಮ್ಮಾರ ಆಲ್ವೋರ್ ಮನೆ ಮುಂದೆಯೇ ರ‍್ಯಾಕ್, ಕುಲುಮೆ ಎರಡೂ ಇವೆ. ವೈಟ್‌ರನ್‌ನಲ್ಲಿ ಊರಬಾಗಿಲು ದಾಟಿದ ಕೂಡಲೇ ಸಿಗುವ ಏಡ್ರಿಯಾನ್‌ಳ ಅಂಗಡಿಯಲ್ಲೂ ಅಷ್ಟೇ. ಮಾಡಿದ್ದನ್ನು ಅಲ್ಲೇ, ಅವರಿಗೇ ಮಾರಬಹುದು.

ಯಾರಿಗೆ ಮಾರಬೇಕು?

ಹೆಲ್ಮೆಟ್, ಆರ್ಮರ್, ಚರ್ಮ ಇದ್ದರೆ ಕಮ್ಮಾರನಿಗೆ. ಮಾಂಸ ಇದ್ದರೆ ಇನ್ (ಛತ್ರ) ನಡೆಸುವವರಿಗೆ. ದಂತ, ಕೋರೆ ಸೇರಿ ಎಲ್ಲ ಬೆರಕೆ ಇದ್ದರೆ ಜನರಲ್ ಅಂಗಡಿಗೆ. ವೈಟ್‌ರನ್‌ನ ಬೆಲೆಥೋರ್, ರಿವರ್‌ವುಡ್‌ನ ಲುಕನ್ ಇಬ್ಬರೂ ಹೆಚ್ಚುಕಮ್ಮಿ ಏನು ಕೊಟ್ಟರೂ ತಗೊಳ್ಳುತ್ತಾರೆ. ಸ್ಪೀಚ್ 50ರಲ್ಲಿ ಸಿಗುವ ಮರ್ಚೆಂಟ್ ಪರ್ಕ್ ಇದ್ದರೆ ಯಾರಿಗೆ ಏನನ್ನು ಬೇಕಾದರೂ ಮಾರಬಹುದು. ಅದೊಂದು ಪರ್ಕ್ ಖರ್ಚು ಮಾಡುವುದಕ್ಕೆ ಯೋಗ್ಯ.

ಅಂಗಡಿಯವನ ಹತ್ತಿರ ದುಡ್ಡೇ ಖಾಲಿಯಾಯಿತು. ಮುಂದೆ?

ಪ್ರತಿಯೊಬ್ಬರ ಗಲ್ಲಾದಲ್ಲೂ ಇಷ್ಟೇ ಅಂತ ಇರುತ್ತದೆ. ಜನರಲ್ ಅಂಗಡಿಯಲ್ಲಿ 750, ದೊಡ್ಡ ಊರಿನ ಕಮ್ಮಾರನಲ್ಲಿ 1000, ಇನ್‌ನಲ್ಲಿ ಬರೀ 100. ಖಾಲಿಯಾದದ್ದು ಆಟದ 48 ಗಂಟೆಯಲ್ಲಿ ಮತ್ತೆ ತುಂಬುತ್ತದೆ. ವೇಟ್ ಒತ್ತಿ ಎರಡು ದಿನ ಕಳೆದರೆ ಆಯಿತು. ಅಂಗಡಿಗಳು ಸಾಮಾನ್ಯವಾಗಿ ಬೆಳಗ್ಗೆ 8ರಿಂದ ರಾತ್ರಿ 8ರ ತನಕ ತೆರೆದಿರುತ್ತವೆ. ಮಧ್ಯರಾತ್ರಿ ಹೋಗಿ ಬಾಗಿಲು ಮುಚ್ಚಿದೆ ಅಂತ ಬೀಗ ಒಡೆಯಬೇಡಿ.

ಕಾಯುವುದು ಬೇಡ ಅನ್ನುವವರು ಅವನಿಂದಲೇ ಬಾಣ, ಕಬ್ಬಿಣದ ಗಟ್ಟಿ ಅಂತ ಬೇಕಾದದ್ದು ಕೊಳ್ಳಿ. ನೀವು ಕೊಟ್ಟ ದುಡ್ಡು ಅವನ ಗಲ್ಲಾಕ್ಕೆ ಹೋಗುತ್ತದೆ, ಮತ್ತೆ ನಿಮ್ಮ ಚರ್ಮಕ್ಕೆ ವಾಪಸ್ ಬರುತ್ತದೆ. ಸೇವ್ ಮಾಡಿ, ಅಂಗಡಿಯವನನ್ನು ಕೊಂದು, ಲೋಡ್ ಮಾಡಿದರೆ ಗಲ್ಲಾ ತುಂಬುತ್ತದೆ ಅನ್ನುವ ಹಳೆಯ ಕಿತಾಪತಿ ಒಂದಿದೆ. ಕೆಲಸ ಮಾಡುತ್ತದೆ, ಆದರೆ ಚರ್ಮ ಮಾರುವುದಕ್ಕೆ ಅಷ್ಟು ದೂರ ಹೋಗಬೇಕಾ ಅಂತ ನೀವೇ ನೋಡಿ.

ಹೊಸಬರು ಎಲ್ಲಿ ಬೇಟೆ ಆಡಬೇಕು?

ರಿವರ್‌ವುಡ್‌ನಿಂದ ವೈಟ್‌ರನ್‌ವರೆಗಿನ ಹೊಳೆ ದಂಡೆ, ವೈಟ್‌ರನ್ ಸುತ್ತಲ ಬಯಲು. ಜಿಂಕೆ, ನರಿ, ತೋಳ ಸಾಕಷ್ಟು ಇವೆ. ಜಿಂಕೆ ನಿಮ್ಮನ್ನು ನೋಡಿದರೆ ಓಡಿಹೋಗುತ್ತದೆ, ಹಿಂದೆ ಓಡಿ ಪ್ರಯೋಜನ ಇಲ್ಲ. ಬಗ್ಗಿ ಮೆಲ್ಲಗೆ ನಡೆದು, ಪರದೆ ಮೇಲಿನ ಕಣ್ಣಿನ ಗುರುತು ಮುಚ್ಚಿದಾಗ ಬಾಣ ಬಿಡಿ. ಮರೆಯಿಂದ ಬಿಟ್ಟ ಬಾಣಕ್ಕೆ ಎರಡು ಪಟ್ಟು ಪೆಟ್ಟು. ಒಂದೇ ಏಟಿಗೆ ಬೀಳದ ಜಿಂಕೆ ಗುಡ್ಡ ಹತ್ತಿಬಿಡುತ್ತದೆ.

ಕರಡಿಯ ತಂಟೆಗೆ ಮೊದಲ ಕೆಲವು ಲೆವೆಲ್ ಹೋಗಬೇಡಿ. ಕರಡಿ ನಿಮಗಿಂತ ಜೋರಾಗಿ ಓಡುತ್ತದೆ. ಆಟದ ಶುರುವಿನಲ್ಲಿ ಹೆಲ್ಗೆನ್ ಅನ್ನುವ ಊರಿನಿಂದ ತಪ್ಪಿಸಿಕೊಳ್ಳುವಾಗ ಗುಹೆಯಲ್ಲಿ ಮಲಗಿರುವ ಕರಡಿ ಮಾತ್ರ ಬೇರೆ ವಿಷಯ. ಜೊತೆಯಲ್ಲಿರುವವನು ಬಿಲ್ಲು ಕೊಟ್ಟು ಬೇಕಾದರೆ ಹೊಡಿ ಅನ್ನುತ್ತಾನೆ. ಹೊಡೆಯಿರಿ, ಚರ್ಮ ತಗೊಳ್ಳಿ.

ಮ್ಯಾಮತ್ ಹೊಡೆಯುವುದು ಲಾಭವಾ?

ದಂತದ ಬೆಲೆ ನೋಡಿದರೆ ಹೌದು. ಆದರೆ ಒಂದೊಂದು ದಂತದ ಭಾರ 8. ಮ್ಯಾಮತ್ ಹತ್ತಿರ ದೈತ್ಯ ಇದ್ದೇ ಇರುತ್ತಾನೆ, ಅವನೇ ಅವುಗಳ ಕುರುಬ. ಬ್ಲೀಕ್‌ವಿಂಡ್ ಬೇಸಿನ್, ಸೆಕುಂಡಾಸ್ ಕಿಸ್, ಸ್ಲೀಪಿಂಗ್ ಟ್ರೀ ಕ್ಯಾಂಪ್ ಈ ಮೂರೂ ವೈಟ್‌ರನ್‌ನಿಂದ ಪಶ್ಚಿಮಕ್ಕೆ ನಡೆದರೆ ಸಿಗುತ್ತವೆ. ದೂರದಲ್ಲಿದ್ದರೆ ದೈತ್ಯ ಏನೂ ಮಾಡುವುದಿಲ್ಲ. ಹತ್ತಿರ ಹೋಗಿ ಅವನ ಗದೆಯ ಒಂದೇಟು ತಿಂದರೆ ನೀವು ಮೋಡದ ತನಕ ಹಾರುತ್ತೀರಿ. ಆ ದೃಶ್ಯ ಆಡದವರಿಗೂ ಗೊತ್ತಿರುವಷ್ಟು ಪ್ರಸಿದ್ಧ.

ಎತ್ತರದ ಬಂಡೆ ಹತ್ತಿ ನಿಂತು ಬಾಣ ಬಿಡುವುದು ಎಲ್ಲರ ಉಪಾಯ. ಹೊಡೆದ ಮೇಲೆ ದೈತ್ಯನ ಕಾಲ್ಬೆರಳನ್ನು ಬಿಟ್ಟು ಬರಬೇಡಿ. ದಂತಕ್ಕಿಂತ ಅದೇ ಹೆಚ್ಚು ದುಡ್ಡು ತರುತ್ತದೆ. ಜೈಂಟ್ಸ್ ಟೋ (ಅದೇ ಕಾಲ್ಬೆರಳು), ಗೋಧಿ, ಕ್ರೀಪ್ ಕ್ಲಸ್ಟರ್ ಅನ್ನುವ ಗಿಡ ಮೂರನ್ನೂ ಸೇರಿಸಿ ಮಾಡಿದ ಔಷಧಿ ಶುರುವಿನಲ್ಲಿ ಸಿಗುವ ಅತಿ ದುಬಾರಿ ಸರಕುಗಳಲ್ಲಿ ಒಂದು. ಮೊದಲ ಸಲ ವೈಟ್‌ರನ್‌ಗೆ ಹೋಗುವ ದಾರಿಯಲ್ಲಿ, ಪೆಲಾಜಿಯಾ ತೋಟದ ಹತ್ತಿರ ಕಂಪ್ಯಾನಿಯನ್ಸ್ ತಂಡದವರು ಒಬ್ಬ ದೈತ್ಯನ ಜೊತೆ ಹೊಡೆದಾಡುತ್ತಿರುತ್ತಾರಲ್ಲ, ಅವನ ಬೆರಳು ನಿಮಗೆ ಬಿಟ್ಟಿ. ಅವರು ಅದನ್ನು ಮುಟ್ಟುವುದೂ ಇಲ್ಲ.

ಯಾವುದನ್ನಾದರೂ ಮಾರದೆ ಇಟ್ಟುಕೊಳ್ಳಬೇಕಾ?

ಎರಡು. ಒಂದು ಮ್ಯಾಮತ್ ದಂತ ಎತ್ತಿಡಿ. ವೈಟ್‌ರನ್‌ನ ಇಸೋಲ್ಡಾ ಅದನ್ನು ಕೇಳುತ್ತಾಳೆ, ಕೊಟ್ಟರೆ ನಿಮ್ಮ ಸ್ಪೀಚ್‌ಗೆ ಉಪಕಾರ ಆಗುತ್ತದೆ. ಇನ್ನೊಂದು, ಹತ್ತು ಕರಡಿ ಚರ್ಮ. ಐವರ್‌ಸ್ಟೆಡ್‌ನಲ್ಲಿ ಮರದ ಮಿಲ್ಲು ನಡೆಸುವ ಟೆಂಬಾಗೆ ಕರಡಿಗಳ ಮೇಲೆ ಕೆಂಡದಂಥ ಕೋಪ, ಅವಳ ಮರಗಳನ್ನು ಹಾಳು ಮಾಡುತ್ತವೆ ಅಂತ. ಹತ್ತು ಚರ್ಮ ತಂದುಕೊಡು ಅನ್ನುತ್ತಾಳೆ. ಇದ್ದದ್ದನ್ನೆಲ್ಲ ಮಾರಿ ಆಮೇಲೆ ಮತ್ತೆ ಹತ್ತು ಕರಡಿ ಹುಡುಕುವುದು ಬೇಸರದ ಕೆಲಸ.

ಊರಿನ ಕೋಳಿ, ಹಸು ಹೊಡೆದರೆ?

ಬೇಡ. ಒಂದು ಕೋಳಿ ಸತ್ತರೆ ಇಡೀ ರಿವರ್‌ವುಡ್ ಕೊಡಲಿ ಹಿಡಿದು ಬರುತ್ತದೆ. ನಿಮ್ಮ ತಲೆ ಮೇಲೆ ಬೀಳುವ ದಂಡದ ಮುಂದೆ ಆ ಕೋಳಿಯಿಂದ ಸಿಗುವುದು ಏನೂ ಅಲ್ಲ.

ಮಾಂಸ ಮಾರಿದರೆ ಲಾಭ ಇದೆಯಾ?

ಇಲ್ಲ. ಜಿಂಕೆ ಮಾಂಸ 4, ಮ್ಯಾಮತ್ ಸೊಂಡಿಲು 6, ಬೇಯಿಸಿದರೂ ಒಂದೆರಡು ಗೋಲ್ಡ್ ಏರಬಹುದು ಅಷ್ಟೆ. ಸುಮ್ನೆ ಭಾರ ಹೊರುವುದು. ಹಸಿವು, ಚಳಿ ಲೆಕ್ಕಕ್ಕೆ ಬರುವ ಸರ್ವೈವಲ್ ಮೋಡ್‌ನಲ್ಲಿ ಆಡುತ್ತಿದ್ದರೆ ಮಾತ್ರ ಇಟ್ಟುಕೊಳ್ಳಿ, ಮಾರುವುದಕ್ಕಲ್ಲ, ಹೊಟ್ಟೆಗೆ. ಅಲ್ಲಿ ಹಸಿ ಮಾಂಸ ತಿಂದರೆ ಕಾಯಿಲೆ ಬರಬಹುದು, ಬೇಯಿಸಿ ತಿನ್ನಿ.

ಮೀನು?

ಇದು ಒಳ್ಳೆಯ ಪ್ರಶ್ನೆ. ಹಾರ್ತ್‌ಫೈರ್ (ಮನೆ ಕಟ್ಟುವ ಹೆಚ್ಚುವರಿ ಭಾಗ) ಇದ್ದರೆ ಜಲಪಾತದ ಹತ್ತಿರ ಮೇಲಕ್ಕೆ ಜಿಗಿಯುವ ಸಾಲ್ಮನ್ ಮೀನುಗಳನ್ನು ಹಿಡಿದಾಗ ಸಾಲ್ಮನ್ ರೋ, ಅಂದರೆ ಮೀನಿನ ಮೊಟ್ಟೆ ಸಿಗುತ್ತದೆ. ಅದನ್ನು ಹಾಗೇ ಮಾರಿದರೆ ಪುಡಿಗಾಸು. ನಾರ್ಡಿಕ್ ಬಾರ್ನಕಲ್ ಅನ್ನುವ ಚಿಪ್ಪುಜೀವಿ, ಬೆಳ್ಳುಳ್ಳಿ ಜೊತೆ ಸೇರಿಸಿ ಔಷಧಿ ಮಾಡಿದರೆ ಇಡೀ ಆಟದಲ್ಲೇ ಅದಕ್ಕಿಂತ ಬೆಲೆ ಬಾಳುವ ಔಷಧಿ ಸಿಗುವುದು ಕಷ್ಟ. ಕಾರಣ ಇಷ್ಟೇ: ಸಾಲ್ಮನ್ ರೋ ಹಾಕಿದಾಗ ನೀರಿನೊಳಗೆ ಉಸಿರಾಡುವ ಗುಣ ಬಹಳ ಹೊತ್ತು ನಿಲ್ಲುತ್ತದೆ, ಆ ಹೊತ್ತಿನ ಲೆಕ್ಕದಲ್ಲಿ ಬೆಲೆ ಏರುತ್ತದೆ. ವಿಂಡ್‌ಸ್ಟ್ಯಾಡ್ ಮ್ಯಾನರ್ ಅನ್ನುವ ಮನೆ ಕಟ್ಟಿಸಿಕೊಂಡವರು ಅಲ್ಲೇ ಮೀನು ಮರಿ ಮಾಡುವ ಹೊಂಡ ಇಟ್ಟುಕೊಳ್ಳಬಹುದು. ಸ್ಕೈರಿಮ್‌ನಲ್ಲಿ ಪ್ರಾಣಿ ಸಾಕಿ ದುಡ್ಡು ಮಾಡುವುದಕ್ಕೆ ಅತಿ ಹತ್ತಿರದ್ದು ಅಂದರೆ ಇದೇ.

ಅದೇ ಮನೆಯಲ್ಲಿ ಹಸು, ಕೋಳಿ ಸಾಕಿದರೆ?

ನಿಮ್ಮ ಮನೆ ನೋಡಿಕೊಳ್ಳುವ ಸ್ಟೂವರ್ಡ್ ಮೂಲಕ ತರಿಸಬಹುದು. ಅಂಗಳ ತುಂಬಿದ ಹಾಗೆ ಕಾಣುತ್ತದೆ. ಮಾರುವ ದಾರಿ ಇಲ್ಲ. ಜಾಗಕ್ಕೇ 5000 ಗೋಲ್ಡ್ ಆಗುತ್ತದೆ, ಹಾಗಾಗಿ ಇದನ್ನು ದಂಧೆ ಅಂತ ಲೆಕ್ಕ ಹಾಕಬೇಡಿ.

ಭಾರ ಜಾಸ್ತಿಯಾಗಿ ನಡೆಯೋಕೇ ಆಗ್ತಿಲ್ಲ. ಕುದುರೆ ಮೇಲೆ ಹಾಕಬಹುದಾ?

ಕುದುರೆಗೆ ಚೀಲ ಇಲ್ಲ. ಆದರೆ ಭಾರ ಮೀರಿದಾಗಲೂ ಕುದುರೆ ಹತ್ತಿ ಸವಾರಿ ಮಾಡಬಹುದು, ಅದೊಂದು ಅನುಕೂಲ. ಜೊತೆಗೊಬ್ಬ ಫಾಲೋವರ್ ಇದ್ದರೆ ದಂತವನ್ನೆಲ್ಲ ಅವರ ಮೇಲೆ ಹೊರಿಸಿ. ನೀವು ಹೊರಬಹುದಾದ ಭಾರ ಶುರುವಿನಲ್ಲಿ 300 ಇರುತ್ತದೆ, ಲೆವೆಲ್ ಏರಿದಾಗ ಸ್ಟ್ಯಾಮಿನಾ ಆರಿಸಿದರೆ ಪ್ರತಿ ಸಲ 5 ಜಾಸ್ತಿಯಾಗುತ್ತದೆ.

ಹೊಡೆದ ಪ್ರಾಣಿಗಳು ಮತ್ತೆ ಬರುತ್ತವಾ?

ಬರುತ್ತವೆ. ಸಾಮಾನ್ಯ ಜಾಗಕ್ಕೆ ಆಟದ 10 ದಿನ, ಮ್ಯಾಪ್‌ನಲ್ಲಿ ಕ್ಲಿಯರ್ಡ್ ಅಂತ ಬಿದ್ದ ಜಾಗಕ್ಕೆ 30 ದಿನ. ಅಷ್ಟು ದಿನ ಆ ಕಡೆ ತಲೆ ಹಾಕಬಾರದು, ಹೋದರೆ ದಿನದ ಲೆಕ್ಕ ಮತ್ತೆ ಮೊದಲಿಂದ. ಅದಕ್ಕೇ ಒಂದೇ ಗುಡ್ಡ ಸುತ್ತಬೇಡಿ, ಜಾಗ ಬದಲಾಯಿಸುತ್ತಿರಿ.

ಡ್ರ್ಯಾಗನ್ ಕೂಡ ಪ್ರಾಣಿನೇ ಅಲ್ವಾ?

ಮಾತಾಡುವ ಡ್ರ್ಯಾಗನ್ ಕೇಳಿಸಿಕೊಂಡರೆ ಬೇಜಾರು ಮಾಡಿಕೊಂಡೀತು. ವ್ಯಾಪಾರದ ಮಟ್ಟಿಗೆ ಹೌದು ಅನ್ನೋಣ. ಎಲುಬು ಒಂದಕ್ಕೆ ಬೆಲೆ 500, ಭಾರ 15. ಹುರುಪೆಗೆ 250, ಭಾರ 10. ಮ್ಯಾಮತ್ ದಂತವೂ ಇದರ ಮುಂದೆ ಮಂಕು. ಎರಡು ಡ್ರ್ಯಾಗನ್ ಹೊಡೆದು ಬಂದರೆ ಬೆಲೆಥೋರ್‌ನ 750 ಒಂದೇ ಸಲಕ್ಕೆ ಖಾಲಿ.

ಎಲ್ಲವನ್ನೂ ಮಾರಬೇಡಿ. ಸ್ಮಿತಿಂಗ್ 100 ಆದಾಗ ಸಿಗುವ ಡ್ರ್ಯಾಗನ್ ಆರ್ಮರ್ ಪರ್ಕ್‌ಗೆ ಇದೇ ಎಲುಬು, ಹುರುಪೆ ಬೇಕು. ಆಗ ಒಂದೊಂದನ್ನೂ ಹುಡುಕಿಕೊಂಡು ಗುಡ್ಡ ಹತ್ತಬೇಕಾಗುತ್ತದೆ. ವೈಟ್‌ರನ್‌ನಲ್ಲಿ ಬ್ರೀಜ್‌ಹೋಮ್ ಅನ್ನುವ ಮನೆ 5000 ಗೋಲ್ಡ್‌ಗೆ ಸಿಗುತ್ತದೆ. ಅದರ ಪೆಟ್ಟಿಗೆಯಲ್ಲಿ ಇಟ್ಟದ್ದು ಎಲ್ಲೂ ಹೋಗುವುದಿಲ್ಲ. ದಾರಿ ಬದಿಯ ಪೀಪಾಯಿಯಲ್ಲಿ ಬಚ್ಚಿಟ್ಟರೆ ಕೆಲವು ದಿನದಲ್ಲಿ ಅದು ತಾನಾಗಿ ಖಾಲಿಯಾಗಬಹುದು, ಅಲ್ಲಿ ಮಾತ್ರ ಇಡಬೇಡಿ.